ಬಲದವಡೆಯ ಹಾಲುಬಾಯಿ

ನಮ್ಮೂರಿನಲ್ಲಿ ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು ಬಂದವರನ್ನು ನೋವು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಮೊದಲ ತುತ್ತು ಏನು ಎಂದು ಕೇಳುತ್ತಾರೆ. ತುಂಬಿದ ಹಲ್ಲಿಗೆ ಮೊಟ್ಟಮೊದಲು ಏನು ತಾಗುತ್ತದೋ ಅದರ ರುಚಿ ಅಲ್ಲೇ ನಿಂತುಬಿಡುತ್ತದೆ. ಸಿಮೆಂಟು ಇರುವವರೆಗೂ ಹೋಗುವುದಿಲ್ಲ. ಆಮೇಲೆ ಆ ಹಲ್ಲಿನಲ್ಲಿ ರೊಟ್ಟಿ ಅಗಿದರೂ ಜೊತೆಗೆ ಅದು, ಸೌತೆಕಾಯಿ ಕಡಿದರೂ ಜೊತೆಗೆ ಅದು. ನೀರು ಮಾತ್ರ ನಿಲ್ಲುವುದಿಲ್ಲ. ಮುದ್ದೆಯನ್ನು ನಾವು ಅಗಿಯದೆ ನುಂಗುವುದರಿಂದ ಅದಕ್ಕೂ ಈ ಕಾಟವಿಲ್ಲ. ಬೇರೆ ಊರುಗಳಲ್ಲಿ ಹೀಗಾಗುವುದಿಲ್ಲವಂತೆ. ಹಾಗಾದರೆ ಅಲ್ಲಿಯವರು ಹಲ್ಲು ಯಾಕಾದರೂ ತುಂಬಿಸಿಕೊಳ್ಳುತ್ತಾರೋ ಎಂದು ನಮ್ಮ ಹಳಬರು ಆಶ್ಚರ್ಯಪಡುತ್ತಾರೆ.

ಆದ್ದರಿಂದ ಹಲ್ಲಿನ ಡಾಕ್ಟರ ಶಾಪಿನ ಹೊರಗೆ ಬೆಂಚಿನಲ್ಲಿ ಕೂತವರ ತೊಡೆಯ ಮೇಲೆ ಯಾವಾಗಲೂ ಒಂದು ಡಬ್ಬಿ ಇರುತ್ತದೆ. ಇಂಜೆಕ್ಷನ್ನಿನ ಜೋಮು ಇಳಿಯಲು ಎರಡು ಮೂರು ಗಂಟೆ ಬೇಕು. ಅಲ್ಲಿಯವರೆಗೆ ಏನೂ ತಿನ್ನಬೇಡಿ, ಆಹಾರವೆಂದುಕೊಂಡು ನಿಮ್ಮ ಕೆನ್ನೆಯನ್ನೇ ಅಗಿದುಬಿಡುತ್ತೀರಿ ಎಂದು ಡಾಕ್ಟರು ಗದರುತ್ತಾರೆ. ತುಂಬ ಬಿಸಿಯದು ಬೇಡ, ಐಸಿನದು ಬೇಡ, ಗಟ್ಟಿಯದು ಬೇಡ, ಅಂಟುವುದು ಬೇಡ. ಇಷ್ಟೆಲ್ಲ ಬೇಡಗಳ ನಡುವೆ ಜನ ತಮಗೆ ಬೇಕಾದ್ದನ್ನು ಹುಡುಕಿಕೊಳ್ಳುತ್ತಾರೆ. ನಮ್ಮ ಬೀದಿಯ ಟೈಲರ್ ಹಾಲಪ್ಪ ಬಾಳೆಹಣ್ಣಿನ ರಸಾಯನ ಇಟ್ಟುಕೊಂಡ. ಅಂಚೆ ಕಚೇರಿಯ ಕುಪ್ಪಣ್ಣ ಮರೆತು ಕೆಮ್ಮಿನ ಔಷಧಿ ಕುಡಿದು, ಹದಿನೇಳು ವರ್ಷ ಎಡಗಡೆ ಅಗಿಯಲೇ ಇಲ್ಲ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳಿದ ಮೇಲೆ, ಸ್ವಲ್ಪ ದನಿ ತಗ್ಗಿಸಿ, ಹುಡುಗಿಯ ಬಾಯಲ್ಲಿ ಏನೇನಿದೆ ಎಂದೂ ಕೇಳುವುದುಂಟು.

ನನ್ನ ಚಿಕ್ಕಮ್ಮ ಚಂಪಕಳ ಬಲದವಡೆಯಲ್ಲಿ ಅವಳ ತಾಯಿ ಇದ್ದಳು.

ಚಿಕ್ಕಮ್ಮನಿಗೆ ಆಗ ಒಂಬತ್ತು ವರ್ಷ. ಅವಳ ಅಕ್ಕ ದಾಕ್ಷಾಯಿಣಿಗೆ, ಅಂದರೆ ನನ್ನ ಅಮ್ಮನಿಗೆ, ಹದಿನಾಲ್ಕು. ಅಜ್ಜಿ ಹೊಟ್ಟೆಯಲ್ಲಿ ಗಡ್ಡೆಯಾಗಿ ಮಲಗಿದ್ದ ಕಾಲ. ಅದೇ ಹೊತ್ತಿಗೆ ಚಿಕ್ಕವಳ ದವಡೆ ಹಲ್ಲು ಹುಳುಕಾಗಿ, ಅವಳು ಮೂರು ಮನೆ ಆಚೆಗೆ ಕೇಳುವಂತೆ ಅಳತೊಡಗಿದಳು. ತಾತ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಬೆಳ್ಳಿ ಬಣ್ಣದ ಸಿಮೆಂಟು ಹಾಕಿಸಿಕೊಂಡು ಬಂದರು. ಆ ಕಾಲದ ಸಿಮೆಂಟು ಗಟ್ಟಿಯಾಗಲು ಒಂದು ದಿನ ಪೂರ್ತಿ ಬೇಕಿತ್ತು. ಹುಡುಗಿ ಬರೀ ನೀರು ಕುಡಿದುಕೊಂಡು ಮುಖ ಊದಿಸಿಕೊಂಡು ಕೂತಿದ್ದಳು. ಮಾರನೆಯ ದಿನ ಮಧ್ಯಾಹ್ನ ಹಿತ್ತಾಳೆ ತಟ್ಟೆಯಲ್ಲಿ ರಾಗಿ ಹಾಲುಬಾಯಿ ಬಂತು. "ಅಮ್ಮ ಮಾಡಿದ್ದು. ಬಲಗಡೆ ಇಟ್ಕೊಂಡು ನಿಧಾನಕ್ಕೆ ತಿನ್ನು" ಎಂದು ಅಕ್ಕ ಕೊಟ್ಟಳು. ಅದಾಗಿ ಹನ್ನೊಂದು ದಿನಕ್ಕೆ ಅಜ್ಜಿ ಹೋದರು.

ಆಮೇಲಿನ ನಲವತ್ತನಾಲ್ಕು ವರ್ಷ ಚಿಕ್ಕಮ್ಮ ದಿನನಿತ್ಯದ ಊಟವನ್ನು ಎಡಗಡೆಯೇ ಅಗಿದಳು. ಬಲಗಡೆಯನ್ನು ಅಮ್ಮ ಬೇಕು ಅನ್ನಿಸಿದಾಗ ಮಾತ್ರ ಬಳಸುತ್ತಿದ್ದಳು. ಮದುವೆಯಾಗಿ ಗಂಡನ ಮನೆಯ ಹೊಸ್ತಿಲು ದಾಟುವಾಗ ಒಂದು ಚೂರು ಕೊಬ್ಬರಿಯನ್ನು ಬಲಗಡೆಗೆ ತಳ್ಳಿ ಕಚ್ಚಿದಳಂತೆ. ಮಗು ನಿಲ್ಲದೆ ಹೋದಾಗ ಎರಡು ಸಲವೂ ಹಾಗೇ. ಆರು ವರ್ಷದ ಹಿಂದೆ ಚಿಕ್ಕಪ್ಪ ತೀರಿಕೊಂಡ ದಿನ, ಹೆಣ ಎತ್ತುವ ಮೊದಲು, ಒಳಗೆ ಹೋಗಿ ನಾಲ್ಕು ಕಾಳು ಅವಲಕ್ಕಿ ಬಾಯಿಗೆ ಹಾಕಿಕೊಂಡಳು. ನೋಡಿದವರು ಇಂಥ ಹೊತ್ತಿನಲ್ಲೂ ಇವಳಿಗೆ ಹಸಿವಾ ಎಂದರು. ಬೇರೆ ಊರಿಂದ ಬಂದ ನೆಂಟರು, ಪಾಪ, ಅವರಿಗೇನು ಗೊತ್ತು.

ಆದರೆ ಆ ಹಲ್ಲು ಅವಳನ್ನು ಕೆಡಿಸಿತು ಅಂತಲೂ ಹೇಳಬೇಕು. ಯಾರ ಅಡಿಗೆಯೂ ಅವಳಿಗೆ ಹಿಡಿಸುತ್ತಿರಲಿಲ್ಲ, ಅದರಲ್ಲೂ ನನ್ನ ಅಮ್ಮನದು. ತಾಯಿ ಹೋದ ಮೇಲೆ ಶಾಲೆ ಬಿಟ್ಟು, ಅವಳಿಗೆ ಜಡೆ ಹಾಕಿ, ಬೇಯಿಸಿ ಹಾಕಿ, ಮದುವೆ ಮಾಡಿ ಕಳಿಸಿದವಳು ಅಮ್ಮ. ಹಬ್ಬಕ್ಕೆ ಬಂದಾಗ ಚಿಕ್ಕಮ್ಮ ಅಮ್ಮನ ಹೋಳಿಗೆಯನ್ನು ಒಂದು ತುಂಡು ಎಡಗಡೆ ಅಗಿದು ನೋಡುವಳು. ಇನ್ನೊಂದು ತುಂಡು ಬಲಗಡೆ. ಆಮೇಲೆ ತಟ್ಟೆ ಸರಿಸಿ, "ಅಕ್ಕ, ಚೆನ್ನಾಗಿದೆ ಕಣೆ. ಆದ್ರೆ ಅಮ್ಮನ ಕೈಗುಣ ನಿನ್ ಕೈಗೆ ಬರ್ಲಿಲ್ಲ" ಎನ್ನುವಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹವಾಮಾನ ಹೇಳಿದ ಹಾಗೆ ಹೇಳುತ್ತಿದ್ದಳು. ನನ್ನ ನಾಮಕರಣದ ದಿನ ನೂರು ಜನರ ಮುಂದೆಯೂ ಇದನ್ನೇ ಅಂದಳಂತೆ. ಅಮ್ಮ "ಹೂಂ, ಎಲ್ಲಿ ಬರತ್ತೆ" ಎಂದಷ್ಟೇ ಹೇಳಿ ಸೌಟು ತೊಳೆಯುತ್ತಿದ್ದಳು. ಚಿಕ್ಕಂದಿನಲ್ಲಿ ನನಗೆ ಅಜ್ಜಿ ಅಂದರೆ ಯಾರೋ ಮಹಾ ಬಾಣಸಿಗಿತ್ತಿ, ಅಮ್ಮ ಅಂದರೆ ಅವಳ ಕೈಕೆಳಗೆ ಫೇಲಾದವಳು ಅನ್ನಿಸಿಬಿಟ್ಟಿತ್ತು.

ಕಳೆದ ವರ್ಷ ಶ್ರಾವಣದಲ್ಲಿ ಆ ಸಿಮೆಂಟು ಅಲುಗಾಡತೊಡಗಿತು. ಮೊದಲು ಚಿಕ್ಕಮ್ಮ ಯಾರಿಗೂ ಹೇಳಲಿಲ್ಲ. ಕೆನ್ನೆಯಲ್ಲಿ ಲವಂಗ ಇಟ್ಟುಕೊಂಡು ಓಡಾಡಿದಳು. ರುಚಿ ಸಡಿಲಾಗುತ್ತಿದೆಯೋ ಎಂಬ ಭಯಕ್ಕೆ, ಮೊದಲು ವರ್ಷಕ್ಕೆ ನಾಲ್ಕು ಸಲ ಬಲಗಡೆ ಅಗಿಯುತ್ತಿದ್ದವಳು ಈಗ ದಿನಕ್ಕೆ ನಾಲ್ಕು ಸಲ ಅಗಿಯತೊಡಗಿದಳು. ಕಾರ್ತಿಕದ ಹೊತ್ತಿಗೆ ಮುಖ ಒಂದು ಕಡೆ ಬಾತುಕೊಂಡು ಜ್ವರ ಬಂತು. ಪಕ್ಕದ ಮನೆಯವರು ನನಗೆ ಹೇಳಿ ಕಳಿಸಿದರು. ನಾನು ಶಾಲೆಗೆ ರಜೆ ಹಾಕಿ, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹಲ್ಲಿನ ಡಾಕ್ಟರ್ ರಹೀಮಾ ಹತ್ತಿರ ಕರೆದುಕೊಂಡು ಹೋದೆ. ನಲವತ್ತನಾಲ್ಕು ವರ್ಷದ ಹಿಂದೆ ಆ ಸಿಮೆಂಟು ಹಾಕಿದ್ದು ಈಕೆಯ ತಂದೆಯೇ.

ಡಾಕ್ಟರು ಕನ್ನಡಿ ಕಡ್ಡಿ ಇಟ್ಟು ಬಹಳ ಹೊತ್ತು ನೋಡಿದರು. "ಅಬ್ಬಾಜಾನ್ ಕೆಲಸ ಗಟ್ಟಿ" ಎಂದು ಸಣ್ಣಗೆ ನಕ್ಕರು. ಆಮೇಲೆ ಕುರ್ಚಿ ಎಳೆದು ಎದುರಿಗೆ ಕೂತರು.

"ಚಂಪಕಮ್ಮ, ಅಡಿಯಲ್ಲಿ ಕೊಳೆತಿದೆ. ಇದನ್ನ ತೆಗೀಲೇಬೇಕು. ಮಾತ್ರೆ ಕೊಡ್ತೀನಿ, ಊತ ಇಳೀಲಿ. ಹತ್ತು ದಿನ ಬಿಟ್ಟು ಬನ್ನಿ, ಹಳೇದು ತೆಗೆದು ಹೊಸದು ತುಂಬ್ತೀನಿ."

"ತೆಗೆದ್ರೆ ಇದು ಹೋಗತ್ತಲ್ಲ."

"ಹೋಗತ್ತೆ."

"ಇದರಲ್ಲಿ ನಮ್ಮಮ್ಮ ಮಾಡಿದ್ದಿದೆ, ಡಾಕ್ಟ್ರೇ."

"ಗೊತ್ತಮ್ಮ. ಊರಿಗೆಲ್ಲ ಗೊತ್ತು." ಡಾಕ್ಟರು ಅವಳ ಕೈ ಹಿಡಿದುಕೊಂಡರು. "ಆದ್ರೆ ಈ ಕೀವು ಹೀಗೇ ಹೋದ್ರೆ ಪ್ರಾಣಕ್ಕೇ ಬರತ್ತೆ. ಹೊಸದು ತುಂಬಿದ ಮೇಲೆ ಅದೇ ರುಚಿ ಮತ್ತೆ ಇಟ್ಕೊಳ್ಳಿ. ಮಾಡಿಕೊಡೋರು ಯಾರಾದ್ರೂ ಇದ್ದಾರಾ?"

ಚಿಕ್ಕಮ್ಮ ಅಲ್ಲಿಂದ ತನ್ನ ಮನೆಗೆ ಹೋಗಲಿಲ್ಲ. ನಿಮ್ಮ ಮನೆಗೆ ನಡಿ ಎಂದಳು. ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು ಅಡಿಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು. "ಅಕ್ಕ, ಅವತ್ತು ಅಮ್ಮ ಹಾಲುಬಾಯಿ ಮಾಡುವಾಗ ನೀನು ಪಕ್ಕದಲ್ಲಿದ್ಯಲ್ಲ? ಹೇಗ್ ಮಾಡಿದ್ಲು?"

ಅಮ್ಮ ಒಲೆಯ ಮೇಲಿದ್ದದ್ದನ್ನು ಇಳಿಸಿದಳು. ಹೇಳಿಕೊಳ್ಳುವಂಥದ್ದೇನೂ ಅವಳ ಮುಖದ ಮೇಲೆ ಕಾಣಲಿಲ್ಲ. "ಇದ್ದೆ" ಎಂದಳು.

"ಮಾಡಿಕೊಡ್ತೀಯಾ?"

"ನೋಡ್ತೀನಿ."

ಮೊದಲ ಸಲ ಅಮ್ಮ ಮಾಡಿದ್ದು ಲಕ್ಷಣವಾದ ಹಾಲುಬಾಯಿ. ರಾಗಿ ನೆನೆಸಿ, ತೆಂಗಿನಕಾಯಿ ಸೇರಿಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಒಳ್ಳೆ ಅಚ್ಚುಬೆಲ್ಲ ಹಾಕಿ, ತಳ ಬಿಡುವವರೆಗೂ ಕೆದಕಿ, ಏಲಕ್ಕಿ ಉದುರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದಳು. ನಾನು ಐದು ತುಂಡು ತಿಂದೆ. ಚಿಕ್ಕಮ್ಮ ಎಡಗಡೆಗೆ ಒಂದು ಚೂರು ಇಟ್ಟುಕೊಂಡು ಕಣ್ಣು ಮುಚ್ಚಿದಳು, ಬಲಗಡೆಗೆ ಒಂದು ಚೂರು ದಾಟಿಸಿದಳು, ನೋವಿಗೆ ಮುಖ ಹಿಂಡಿದಳು. "ಇದಲ್ಲ" ಎಂದಳು. ಎರಡನೆಯ ಸಲ ಅಮ್ಮ ಏಲಕ್ಕಿ ಬಿಟ್ಟಳು. "ಇದೂ ಅಲ್ಲ." ಚಿಕ್ಕಮ್ಮ ತಾಳ್ಮೆ ಕಳೆದುಕೊಂಡು, "ಪಕ್ಕದಲ್ಲಿದ್ದು ಏನು ನೋಡ್ತಿದ್ದೆ ನೀನು?" ಎಂದು ರೇಗಿದಳು.

ಅದರ ಮಾರನೆಯ ದಿನ ಭಾನುವಾರ. ನಾನು ಹಿತ್ತಿಲಿಗೆ ಹೋದಾಗ ಅಮ್ಮ ಒಳಕಲ್ಲಿನ ಮುಂದೆ ಕೂತು ಒಣಶುಂಠಿ, ಮೆಣಸು, ಜೀರಿಗೆ ಅರೆಯುತ್ತಿದ್ದಳು. ಅರೆದದ್ದನ್ನು ತೆಗೆದು ಒಂದು ಎಲೆಯ ಮೇಲಿಟ್ಟಳು. ಕಲ್ಲನ್ನು ಅರ್ಧ ಚೊಂಬು ನೀರಿನಲ್ಲಿ ಹಾಗೇ ಹೀಗೇ ತೊಳೆದು, ಆ ವಾಸನೆಯ ಕಲ್ಲಿಗೇ ನೆನೆಸಿದ ರಾಗಿ ಹಾಕಿದಳು. ಪಕ್ಕದಲ್ಲಿದ್ದ ಬೆಲ್ಲ ಕಪ್ಪಗೆ ಜಿಗುಟಾಗಿತ್ತು. ಮುರಿದು ನೆಕ್ಕಿ ನೋಡಿದೆ, ಉಪ್ಪುಪ್ಪಾಗಿತ್ತು. ಚೌಳು ನೆಲದ ಕಬ್ಬಿನ ಬೆಲ್ಲ, ದನಗಳಿಗೆ ಹಾಕುವುದು.

"ಏನಮ್ಮ ಇದು? ಇಂಥ ಬೆಲ್ಲ ಎಲ್ಲಿಂದ ತಂದೆ? ಕಲ್ಲು ಸರಿಯಾಗಿ ತೊಳಿ."

"ಸುಮ್ನಿರು."

"ಅಜ್ಜಿ ಹೀಗಾ ಮಾಡ್ತಿದ್ರು?"

ಅಮ್ಮ ಗುಂಡುಕಲ್ಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ನೋಡದೆಯೇ ಹೇಳಿದಳು.

"ನಿಮ್ಮಜ್ಜಿ ಆವತ್ತು ಮಾಡೋಕಂತ ಎದ್ದಿದ್ಲು. ಗೋಡೆ ಹಿಡ್ಕೊಂಡು ಅಡಿಗೆಮನೆ ಬಾಗ್ಲವರೆಗೂ ಬಂದ್ಲು. ಅಲ್ಲೇ ಕುಸಿದು ಕೂತ್ಲು. ನಾನು ಎತ್ತಿ ಮಲಗಿಸ್ದೆ. ನಂಗೆ ಹಾಲುಬಾಯಿ ಮಾಡೋಕೆ ಬರ್ತಿರ್ಲಿಲ್ಲ ಪ್ರಭಾ. ಮಲಗಿದಲ್ಲಿಂದ ಅವಳು ಹೇಳೋದು, ನಾನು ಮಾಡೋದು. ಮನೇಲಿ ಒಳ್ಳೆ ಬೆಲ್ಲ ಇರ್ಲಿಲ್ಲ, ಕೊಟ್ಟಿಗೇದು ತಂದೆ. ಕಲ್ಲಲ್ಲಿ ಬೆಳಿಗ್ಗೆ ಅವಳ ಕಷಾಯಕ್ಕೆ ಅರೆದಿದ್ದೆ, ತೊಳೆಯೋದು ಗೊತ್ತಾಗ್ಲಿಲ್ಲ. ತಳ ಹತ್ತಿತು. ಕೆಟ್ಟುಹೋಯ್ತಮ್ಮ ಅಂತ ಅತ್ತೆ. ತಗೊಂಡ್ಹೋಗಿ ಕೊಡು, ನಾನೇ ಮಾಡಿದ್ದು ಅಂತ ಹೇಳು ಅಂದ್ಲು. ನಾನಂತೂ ಇರಲ್ಲ, ಅವಳ ಬಾಯಲ್ಲಿ ಅದಾದ್ರೂ ಇರ್ಲಿ ಅಂದ್ಲು."

"ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?"

"ಹೇಳಬೇಡ ಅಂದಿದ್ಲಲ್ಲ."

ಕಬ್ಬಿಣದ ಬಾಣಲೆಯಲ್ಲಿ ಅಮ್ಮ ಬೇಕೆಂದೇ ತಳ ಹತ್ತಿಸಿದಳು. ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಆಮೇಲೆ ಜೀವಮಾನವಿಡೀ ಅಡಿಗೆ ಕೆಡದ ಹಾಗೆ ಬದುಕಿದವಳು ಹೀಗೆ ಕೈಯಾರೆ ಕೆಡಿಸುವುದನ್ನು ನೋಡಲು ನನಗೆ ಆಗಲಿಲ್ಲ. ಹೊರಗೆ ಹೋಗಿ ನಿಂತೆ.

ಸಂಜೆ ನಾಲ್ಕಕ್ಕೆ ಚಿಕ್ಕಮ್ಮ ಬಂದು ಒಂದು ಚೂರು ಎಡಗಡೆಗೆ ಹಾಕಿಕೊಂಡಳು. ಅಗಿಯುವುದು ನಿಂತಿತು. ನಿಧಾನವಾಗಿ ಬಲಗಡೆಗೆ ದಾಟಿಸಿದಳು. ಮತ್ತೆ ಎಡಗಡೆ. ಎರಡು ಕಡೆಗೂ ವ್ಯತ್ಯಾಸ ಸಿಗದೆ, ಬಾಯಿಗೆ ಕೈ ಅಡ್ಡ ಹಿಡಿದು ನೆಲದ ಮೇಲೆ ಕೂತುಬಿಟ್ಟಳು. "ಇದೇ ಕಣೆ. ಇದೇ, ಇದೇ" ಎಂದು ಮಗುವಿನ ಹಾಗೆ ಅತ್ತಳು. ಅಮ್ಮ ಅವಳ ಬೆನ್ನು ಸವರುತ್ತ ನಿಂತಳು. ಅಳು ತಹಬಂದಿಗೆ ಬಂದ ಮೇಲೆ ಚಿಕ್ಕಮ್ಮ ತಲೆ ಎತ್ತಿದಳು. ಅವಳ ಕಣ್ಣಿನಲ್ಲಿ ಈಗ ಬೇರೆ ಏನೋ ಇತ್ತು.

"ಇಷ್ಟು ಸರಿಯಾಗಿ ಗೊತ್ತಿತ್ತಾ ನಿಂಗೆ?"

"ನೋಡಿದ್ದೆನಲ್ಲ."

"ಮತ್ತೆ ನಲವತ್ತನಾಲ್ಕು ವರ್ಷದಲ್ಲಿ ಒಂದ್ಸಲ ಮಾಡಿ ಕೊಡೋಕೆ ಆಗ್ಲಿಲ್ವಾ ಅಕ್ಕ? ನಾನು ಅವಲಕ್ಕಿ ಕಾಳು ಕಚ್ಕೊಂಡು ಅವಳನ್ನ ಹುಡುಕ್ತಿದ್ದೆ. ನೀನು ಗೊತ್ತಿದ್ದೂ ಸುಮ್ನಿದ್ದೆ."

"ನೀನು ಕೇಳ್ಲಿಲ್ಲ."

"ಕೇಳಬೇಕಿತ್ತಾ? ಅಷ್ಟು ಜಿಪುಣತನ ಯಾಕೇ ನಿಂಗೆ?"

ನಾನು ಬಾಯಿ ತೆರೆದೆ. ಅಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದೆ.

ಹತ್ತನೆಯ ದಿನ ಮೂವರೂ ಡಾಕ್ಟರ ಶಾಪಿಗೆ ಹೋದೆವು. ಅಮ್ಮ ಬೆಳಿಗ್ಗೆಯೇ ಎದ್ದು ಮತ್ತೊಂದು ಸಲ ಅದೇ ಕಲ್ಲು, ಅದೇ ಬೆಲ್ಲದಲ್ಲಿ ಮಾಡಿ ಡಬ್ಬಿಗೆ ಹಾಕಿದ್ದಳು. ಊತ ಇಳಿದಿತ್ತು. ಒಳಗೆ ಹೋಗುವ ಮೊದಲು ಚಿಕ್ಕಮ್ಮ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಕಣ್ಣಿಗೆ ಒತ್ತಿಕೊಂಡಳು. ಬೆಂಚಿನಲ್ಲಿ ನಮ್ಮ ಪಕ್ಕ ಕೂತಿದ್ದವರ ಮಡಿಲಲ್ಲಿ ಶಾವಿಗೆ ಪಾಯಸವಿತ್ತು, ಗಂಡನಿಗಂತೆ. ನಮ್ಮದು ಏನು ಎಂದು ಕೇಳಿದರು. ಅಮ್ಮ ಹೇಳಿದಳು. "ಯಾರು ಮಾಡಿದ್ದು?" ಎಂದರು. "ನಮ್ಮಮ್ಮ ಮಾಡ್ತಿದ್ದ ಹಾಗೆ" ಎಂದಳು ಅಮ್ಮ.

ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರ್ ರಹೀಮಾ ತಾವೇ ಹೊರಗೆ ಬಂದರು. ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದುಕೊಂಡರು. "ಹಳೇದು ತೆಗೆದೆ. ಅಡಿಯಲ್ಲಿ ಹಲ್ಲು ಬೇರಿನವರೆಗೂ ಸೀಳಿಹೋಗಿದೆ. ಈ ನಾಲ್ಕು ತಿಂಗಳಲ್ಲಿ ಆಗಿರಬೇಕು, ಅದರಲ್ಲೇ ಬಲವಾಗಿ ಅಗಿದಿದ್ದಾರೆ. ಅದು ಇನ್ನು ಸಿಮೆಂಟು ಹಿಡಿಯಲ್ಲ. ಕೀಳಲೇಬೇಕಾಯ್ತು. ಅವರನ್ನ ಕೇಳೇ ಕಿತ್ತಿದ್ದು" ಎಂದರು. "ಒಸಡಿನಲ್ಲಿ ಏನೂ ನಿಲ್ಲಲ್ಲ, ನಿಮಗೆ ಗೊತ್ತಲ್ಲ" ಎಂದರು.

ಚಿಕ್ಕಮ್ಮ ಹತ್ತಿಯ ಉಂಡೆ ಕಚ್ಚಿಕೊಂಡು ಹೊರಗೆ ಬಂದಳು. ಅರ್ಧ ಮುಖ ಜೋಮು ಹಿಡಿದು ತುಟಿ ಒಂದು ಕಡೆ ಜೋತುಬಿದ್ದಿತ್ತು. ಒಂದು ಗಂಟೆ ಬಾಯಿ ತೆರೆಯಬೇಡಿ ಎಂದಿದ್ದರು. ಆಟೋದಲ್ಲಿ ಅಮ್ಮ ಮತ್ತು ನನ್ನ ನಡುವೆ ಕೂತು, ಮುಷ್ಟಿ ಬಿಗಿ ಹಿಡಿದಿದ್ದಳು. ಮನೆಯ ಹತ್ತಿರ ಇಳಿಯುವಾಗ ಮುಷ್ಟಿ ಬಿಚ್ಚಿದಾಗ ನೋಡಿದೆ, ಕಾಗದದಲ್ಲಿ ಸುತ್ತಿದ ಬೂದು ಬಣ್ಣದ ಚೂರು, ಹುರುಳಿಕಾಳಿನಷ್ಟು. ಆ ಸಿಮೆಂಟನ್ನು ಡಾಕ್ಟರ ಹತ್ತಿರ ಕೇಳಿ ಇಸಿದುಕೊಂಡಿದ್ದಳು. ಆಮೇಲೆ ತಿಳಿಯಿತು, ಜೋಮು ಇಳಿದ ಮೇಲೆ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ನೋಡಿದಳಂತೆ. ಬರೀ ತಗಡಿನ ರುಚಿ.

ಮೂರು ದಿನ ಅವಳು ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಅಮ್ಮ ಮೆತ್ತಗೆ ಬೇಯಿಸಿದ ಅನ್ನಕ್ಕೆ ಹೆಸರುಬೇಳೆ ಕಟ್ಟು ಕಲಸಿ, ಇನ್ನೊಂದು ಡಬ್ಬಿಯಲ್ಲಿ ಹಾಲುಬಾಯಿ ಹಾಕಿ ನನ್ನ ಕೈಲಿ ಕೊಟ್ಟು ಕಳಿಸಿದಳು. ಚಿಕ್ಕಮ್ಮ ಕಿಟಕಿಯ ಹತ್ತಿರ ಚಾಪೆಯ ಮೇಲೆ ಮಲಗಿದ್ದಳು. ನಾನು ಹಾಲುಬಾಯಿಯ ಡಬ್ಬಿ ತೆರೆದು ಹತ್ತಿರ ಹಿಡಿದೆ. ಅದನ್ನು ಕೈಯಿಂದ ಆಚೆ ತಳ್ಳಿದಳು.

"ಬೇಡ ತಗೋ. ಅದು ನಕಲು. ಅಮ್ಮ ಕೈಯಾರೆ ಮಾಡಿದ್ದು ಹೋಯ್ತು. ನಿಮ್ಮಮ್ಮ ನೂರ್ಸಲ ಮಾಡಿದ್ರೂ ಅದು ನಕಲೇ."

ಇವತ್ತಿಗೂ ನಾನು ಆ ಹೊತ್ತನ್ನು ನೆನೆದು ಮಲಗಿದಲ್ಲೇ ಮಗ್ಗಲು ಬದಲಾಯಿಸುತ್ತೇನೆ. ಅವಳ ಒಸಡು ಇನ್ನೂ ಒಣಗಿರಲಿಲ್ಲ. ತಾಯಿಯನ್ನು ಎರಡನೆಯ ಸಲ ಕಳೆದುಕೊಂಡು ನಾಲ್ಕೇ ದಿನವಾಗಿತ್ತು. ಅದೆಲ್ಲ ನನಗೆ ಕಾಣಲಿಲ್ಲ. ಹಬ್ಬ ಹಬ್ಬಕ್ಕೂ ಸರಿಸಿದ ತಟ್ಟೆಗಳು, ಸೌಟು ತೊಳೆಯುತ್ತ ನಿಂತ ಅಮ್ಮನ ಬೆನ್ನು, ಅಷ್ಟೇ ಕಂಡದ್ದು. ಎಲ್ಲವನ್ನೂ ಹೇಳಿಬಿಟ್ಟೆ. ಕೊಟ್ಟಿಗೆಯ ಬೆಲ್ಲ, ತೊಳೆಯದ ಕಲ್ಲು, ಬಾಗಿಲಲ್ಲಿ ಕುಸಿದ ಅಜ್ಜಿ. "ನಿನ್ನ ಬಾಯಲ್ಲಿ ಇಷ್ಟು ವರ್ಷ ಇದ್ದದ್ದು ನಮ್ಮಮ್ಮನ ಕೈ, ಚಿಕ್ಕಮ್ಮ. ಅಸಲಿಯೂ ಅವಳದೇ, ನಕಲೂ ಅವಳದೇ" ಎಂದೆ.

ಚಿಕ್ಕಮ್ಮ ಎದ್ದು ಕೂತಳು. "ಸುಳ್ಳು" ಎಂದಳು.

"ಅಮ್ಮನ್ನೇ ಕೇಳು."

ಅವಳು ನನ್ನನ್ನು ನೋಡಿದಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಹೇಗಿದ್ದಳೆಂದು ನನಗೆ ಆಗ ಕಂಡಿತು. "ನಿಂಗೆ ಏನು ಸಿಕ್ತೇ ಇದರಿಂದ?" ಎಂದಳು. "ಹಲ್ಲು ಹೋಯ್ತು, ರುಚಿ ಹೋಯ್ತು. ಇತ್ತು ಅನ್ನೋದಾದ್ರೂ ಇತ್ತು. ಅದನ್ನೂ ತಗೊಂಡ್ಬಿಟ್ಟೆ. ಹೋಗು ಇಲ್ಲಿಂದ."

ಅಮ್ಮನಿಗೆ ಹೇಳಿದಾಗ ಅವಳು ಜೀವಮಾನದಲ್ಲಿ ಮೊದಲ ಸಲ ನನ್ನ ಮೇಲೆ ಕೈಯೆತ್ತಿದಳು. ನನಗೆ ಮೂವತ್ತು ದಾಟಿದೆ. ಎತ್ತಿದ ಕೈಯನ್ನು ಹಾಗೇ ಇಳಿಸಿ, "ನಾನು ಕೊಟ್ಟ ಮಾತು. ಅದನ್ನ ಮುರಿಯೋಕೆ ನೀನ್ಯಾರು?" ಎಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಚಿಕ್ಕಮ್ಮನ ಮನೆಗೆ ಮೂರು ಸಲ ಹೋದಳು. ಮೂರು ಸಲವೂ ಬಾಗಿಲು ತೆರೆಯಲಿಲ್ಲವಂತೆ. ಜಗಲಿಯ ಮೇಲಿಟ್ಟು ಬಂದ ಡಬ್ಬಿ ಮರುದಿನ ಹಾಗೇ ಇರುತ್ತಿತ್ತು. ಸಂಕ್ರಾಂತಿ ಬಂತು, ಎಳ್ಳು ಬೀರಲು ಅವಳು ಬರಲಿಲ್ಲ. ಎಳ್ಳು ಬೆಲ್ಲದ ಪೊಟ್ಟಣವನ್ನು ಅಮ್ಮ ಒಂದು ವಾರ ಗೂಡಿನಲ್ಲಿಟ್ಟುಕೊಂಡಿದ್ದು, ಆಮೇಲೆ ಇರುವೆ ಮುತ್ತಿದ ಮೇಲೆ ಎಸೆದಳು.

ಬಂದದ್ದು ಮಾಘದಲ್ಲಿ, ಒಂದು ಬುಧವಾರ ಮಧ್ಯಾಹ್ನ. ಶಾಲೆಗೆ ಯಾವುದೋ ರಜೆಯಿದ್ದು ನಾನೂ ಮನೆಯಲ್ಲಿದ್ದೆ. ಚಿಕ್ಕಮ್ಮ ಹೇಳದೆ ಕೇಳದೆ ಬಂದು, ಚಪ್ಪಲಿ ಬಿಟ್ಟು, ಸೀದಾ ಅಡಿಗೆಮನೆಗೆ ಹೋಗಿ ಗೋಡೆಗೆ ಒರಗಿ ಕೂತಳು. ಬಲಗೆನ್ನೆ ಸ್ವಲ್ಪ ಒಳಕ್ಕೆ ಹೋಗಿತ್ತು. ನಾನು ಬಾಗಿಲ ಆಚೆಗೇ ನಿಂತೆ.

"ಊಟಕ್ಕೆ ಏನ್ ಮಾಡಿದ್ದೀಯ?"

"ಅನ್ನ, ಬಸ್ಸಾರು" ಎಂದಳು ಅಮ್ಮ. "ಅಗಿಯೋಕೆ ಆಗತ್ತಾ?"

"ಹಾಕು."

ಅಮ್ಮ ತಟ್ಟೆಯಿಟ್ಟು ಬಡಿಸಿದಳು. ಚಿಕ್ಕಮ್ಮ ಕಲಸಿದಳು, ತಿಂದಳು. ಎಡ ಬಲ ಎಂದು ನೋಡಲಿಲ್ಲ. ಅರ್ಧ ತಟ್ಟೆ ಖಾಲಿಯಾಯಿತು. ಆಮೇಲೆ, "ಉಪ್ಪು ಕಮ್ಮಿ ಹಾಕ್ತೀಯ ನೀನು" ಎಂದಳು.

"ಇವಳಪ್ಪಂಗೆ ಬಿಪಿ ಇತ್ತಲ್ಲ. ಅವ್ರು ಹೋದ್ಮೇಲೂ ಕೈಗೆ ಅದೇ ಅಭ್ಯಾಸ ಉಳೀತು."

"ನಂಗೆ ಗೊತ್ತೇ ಆಗಿರ್ಲಿಲ್ಲ." ಇನ್ನೆರಡು ತುತ್ತು ತಿಂದಳು. "ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕ್ತೀಯ."

"ಮೊದ್ಲಿಂದಾನೂ."

"ಚೆನ್ನಾಗಿದೆ."

ಅಮ್ಮ ಇನ್ನೊಂದು ಸೌಟು ಸಾರು ಹಾಕಿದಳು. ಸ್ವಲ್ಪ ನೆಲಕ್ಕೆ ಚೆಲ್ಲಿತು. ಚಿಕ್ಕಮ್ಮ ಅದನ್ನು ಎಡಗೈಯಿಂದ ಒರೆಸಿದಳು.

"ಅಕ್ಕ, ಒಂದ್ ಮಾತು ಕೇಳ್ತೀನಿ. ಹಾಗಾದ್ರೆ ಅಮ್ಮ ನಿಜವಾಗ್ಲೂ ಕೈಯಾರೆ ಕೊನೇಲಿ ಮಾಡಿದ್ದು ಏನು?"

"ಮಲಗೋಕ್ ಮುಂಚೆ?"

"ಹೂಂ."

ಅಮ್ಮ ಸೌಟು ಹಿಡಿದುಕೊಂಡೇ ಯೋಚಿಸಿದಳು. ಚಿಕ್ಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಯುಗಾದಿ ಹೋಳಿಗೆ?" ಎಂದಳು ಚಿಕ್ಕಮ್ಮ.

"ಆ ವರ್ಷ ಪಕ್ಕದ್ಮನೆಯವ್ರು ಕೊಟ್ಟಿದ್ದು."

"ಅವರೆಕಾಳು ಸಾರು ಮಾಡಿರ್ಲಿಲ್ವಾ? ಕಾಯಿ ಸುಲಿದಿದ್ದು ನಂಗೆ ನೆನಪಿದೆ."

"ಸುಲಿದ್ಲು. ಸಾರು ನಾನು ಮಾಡ್ದೆ."

"ಹೋಗ್ಲಿ, ಅದಕ್ಕೂ ಮುಂಚಿಂದು. ನೀನು ದೊಡ್ಡ ಹುಡ್ಗಿ ಇದ್ದೆ, ನಿಂಗೆ ನೆನಪಿರಬೇಕು. ಅವಳ ಕೈ ಊಟ ಹೇಗಿರ್ತಿತ್ತು? ಯಾವ್ದಾದ್ರೂ ಒಂದು ಹೇಳು."

ಹೊರಗೆ ಬೀದಿಯಲ್ಲಿ ಪಾತ್ರೆ ಕಲಾಯಿಯವನು ಕೂಗಿಕೊಂಡು ಹೋದ. ಅವನ ಕೂಗು ಬೀದಿಯ ತುದಿ ಮುಟ್ಟಿ ಇಲ್ಲವಾಯಿತು. ಅಮ್ಮನ ಹಲ್ಲು ಐವತ್ತೆಂಟಕ್ಕೂ ಗಟ್ಟಿ. ಒಂದಕ್ಕೂ ಸಿಮೆಂಟು ಬಿದ್ದಿಲ್ಲ.

"ಒಂದೂ ನೆನಪಿಲ್ಲ ಕಣೆ ಚಂಪಿ" ಎಂದಳು. "ಎಷ್ಟು ನೆನೆಸಿಕೊಂಡ್ರೂ ಬರಲ್ಲ. ನಾನು ಒಲೆ ಮುಂದೆ ಇರೋದೇ ಬರತ್ತೆ. ನೀನು ಅಮ್ಮನ ಕೈರುಚಿ, ಅಮ್ಮನ ಕೈರುಚಿ ಅಂದಾಗೆಲ್ಲ ನಂಗೆ ಹೊಟ್ಟೆ ಉರೀತಿತ್ತು. ನಾನೇ ಮಾಡಿದ್ದು ಅಂತ ಗೊತ್ತಿದ್ರೂ ಉರೀತಿತ್ತು. ಇವಳಿಗಾದ್ರೂ ಒಂದು ಇದೆಯಲ್ಲ, ನಂಗೆ ಇಲ್ವಲ್ಲ ಅಂತ."

ಅಮ್ಮ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಪ್ಪ ಹೋದಾಗಲೂ ಬಂದವರಿಗೆ ಕಾಫಿ ಮಾಡುತ್ತಿದ್ದಳು. ಈಗ ಸೌಟನ್ನು ಪಾತ್ರೆಗೆ ಇಳಿಸಲೂ ತೋಚದೆ ನಿಂತಲ್ಲೇ ಅತ್ತಳು. ಸಾರು ಸೌಟಿನಿಂದ ಅವಳ ಸೀರೆಯ ಮೇಲೆ ತೊಟ್ಟಿಕ್ಕಿತು.

ಚಿಕ್ಕಮ್ಮ ಎದ್ದು ಕೈ ತೊಳೆದುಕೊಂಡಳು. ಅಮ್ಮನ ಕೈಯಿಂದ ಸೌಟು ತೆಗೆದುಕೊಂಡು, ಭುಜ ಹಿಡಿದು ತಾನು ಕೂತಿದ್ದ ಜಾಗದಲ್ಲಿ ಕೂರಿಸಿದಳು. ಇನ್ನೊಂದು ತಟ್ಟೆ ಹುಡುಕಿ ತಂದು, ಅನ್ನ ಹಾಕಿ, ನಡುವೆ ಗುಳಿ ಮಾಡಿ ಸಾರು ಬಿಟ್ಟಳು. ನಮ್ಮ ಮನೆಯಲ್ಲಿ ಅಮ್ಮ ಯಾವಾಗಲೂ ಎಲ್ಲರದೂ ಆದ ಮೇಲೆ ನಿಂತೋ ನಡೆದಾಡುತ್ತಲೋ ಉಣ್ಣುವವಳು. ಮುಂದೆ ತಟ್ಟೆಯಿಟ್ಟು ಯಾರಾದರೂ ಬಡಿಸಿದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಮನೆಗೆ ಬಂದವಳ ಹಾಗೆ, ತಟ್ಟೆಯನ್ನೇ ನೋಡುತ್ತ ಕೂತಳು.

"ಆರಿಹೋಗತ್ತೆ" ಎಂದಳು ಚಿಕ್ಕಮ್ಮ. "ತಿನ್ನೇ."